ಫ್ರೀಜರಿನಲ್ಲಿ ಉಳಿದ ಸಾಕ್ಷಿ

2000ನೇ ಇಸವಿಯ ಮಾರ್ಚ್ 15ರ ಬೆಳಿಗ್ಗೆ ಬಹಾಮಾಸ್‌ನ ಅಬಾಕೊ ದ್ವೀಪದಲ್ಲಿ, ಸ್ಯಾಂಡಿ ಪಾಯಿಂಟ್ ಎಂಬ ಊರಿನ ತಿಮಿಂಗಿಲ ಸಂಶೋಧಕ ಕೆನ್ ಬಾಲ್ಕಂಬ್ ಅವರ ಮನೆಯೆದುರಿನ ತೆಳುನೀರಿಗೆ ಒಂದು ತಿಮಿಂಗಿಲ ಬಂದು ಸಿಕ್ಕಿಬಿತ್ತು. ಅದು ಕುವಿಯರ್ ಕೊಕ್ಕಿನ ತಿಮಿಂಗಿಲ. ದಡದ ಹತ್ತಿರ ಸುಳಿಯುವ ಜಾತಿಯೇ ಅಲ್ಲ. ಸಾವಿರಾರು ಅಡಿ ಆಳದ ಕತ್ತಲಲ್ಲಿ ಸ್ಕ್ವಿಡ್ ಹಿಡಿದು ತಿಂದು, ಉಸಿರಿಗೆಂದು ಮೇಲೆ ಬಂದು, ಕೆಲವೇ ನಿಮಿಷ ಬೆನ್ನು ತೋರಿಸಿ ಮತ್ತೆ ಮುಳುಗುವ ಪ್ರಾಣಿ. 1804ರಲ್ಲಿ ಫ್ರಾನ್ಸಿನ ಕರಾವಳಿಯಲ್ಲಿ ಸಿಕ್ಕ ಇದರ ತಲೆಬುರುಡೆಯನ್ನು ನೋಡಿ ಪ್ರಾಣಿಶಾಸ್ತ್ರದ ಮಹಾಪಂಡಿತ ಕುವಿಯರ್, ಇದು ಎಂದೋ ಅಳಿದುಹೋದ ಜೀವಿಯ ಪಳೆಯುಳಿಕೆ ಎಂದೇ ತಿಳಿದಿದ್ದ. ಅಷ್ಟು ಗುಟ್ಟಿನ ಬದುಕು ಅದರದು.

ಬಾಲ್ಕಂಬ್ ಮತ್ತು ಸಹಸಂಶೋಧಕಿ ಡಯಾನ್ ಕ್ಲಾರಿಜ್ 1991ರಿಂದ ದೋಣಿಯಲ್ಲಿ ಇವುಗಳ ಬೆನ್ನು ಹತ್ತಿದ್ದರು. ಬೆನ್ನಿನ ರೆಕ್ಕೆ ಮತ್ತು ಮೈಮೇಲಿನ ಗಾಯದ ಗೆರೆಗಳ ಫೋಟೊ ತೆಗೆದು ಒಂದೊಂದನ್ನೂ ಗುರುತಿಟ್ಟುಕೊಂಡಿದ್ದರು. ಹುಡುಕಿ ಹೋದರೂ ಸಿಗದ ಪ್ರಾಣಿ ಈಗ ತಾನಾಗಿ ಮನೆಬಾಗಿಲಿಗೆ ಬಂದಿತ್ತು. ಬಾಲ್ಕಂಬ್ ಗಾಬರಿಗೊಂಡದ್ದು ಅದಕ್ಕೇ.

ಎಲ್ಲರೂ ಸೇರಿ ಅದನ್ನು ಆಳದ ಕಡೆಗೆ ತಳ್ಳಿದರು. ಅದು ದಿಕ್ಕು ಮರೆತಂತೆ ಮತ್ತೆ ದಡದತ್ತ ತಿರುಗಿತು. ಮತ್ತೆ ತಳ್ಳಿದರು. ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಸುದ್ದಿ ಬಂತು, ಅಲ್ಲೂ ಒಂದು ತಿಮಿಂಗಿಲ. ಆಮೇಲೆ ಮತ್ತೊಂದು. ಎರಡು ದಿನಗಳಲ್ಲಿ ಸುಮಾರು 240 ಕಿಲೋಮೀಟರ್ ಉದ್ದದ ತೀರದಲ್ಲಿ 17 ಪ್ರಾಣಿಗಳು ದಡ ಹತ್ತಿದ್ದವು. ಅವುಗಳಲ್ಲಿ ಬಹುಪಾಲು ಕೊಕ್ಕಿನ ತಿಮಿಂಗಿಲಗಳು, ಜೊತೆಗೆ ಎರಡು ಮಿಂಕೆ ತಿಮಿಂಗಿಲಗಳು ಮತ್ತು ಒಂದು ಡಾಲ್ಫಿನ್. ಏಳು ಸತ್ತವು. ಉಳಿದವನ್ನು ಜನ ನೀರಿಗೆ ನೂಕಿದರು, ಅವು ಬದುಕಿದವೋ ಇಲ್ಲವೋ ಹೇಳುವವರಿಲ್ಲ.

ರೋಗವೇ? ಕಾಯಿಲೆ ಬಿದ್ದ ಪ್ರಾಣಿಗಳು ಎರಡೇ ದಿನಗಳಲ್ಲಿ, ಒಂದಕ್ಕೊಂದು ಅಷ್ಟು ದೂರದಲ್ಲಿ, ಬೇರೆ ಬೇರೆ ಜಾತಿಯವೂ ಸೇರಿ ದಡಕ್ಕೆ ಓಡಿಬರುವುದಿಲ್ಲ. ಬಾಲ್ಕಂಬ್ ತಲೆಯಲ್ಲಿ ಬೇರೊಂದು ಅನುಮಾನ ಹೊಗೆಯಾಡತೊಡಗಿತು. ಅದಕ್ಕೆ ಅವರ ಹಳೆಯ ನೌಕರಿಯೇ ಕಾರಣ. ಅವರು ಹಿಂದೆ ಅಮೆರಿಕದ ನೌಕಾಪಡೆಯಲ್ಲಿದ್ದವರು. ಶೀತಲ ಸಮರದ ದಿನಗಳಲ್ಲಿ ಸಮುದ್ರತಳದ ಮೈಕುಗಳ ಮೂಲಕ ಸೋವಿಯತ್ ಜಲಾಂತರ್ಗಾಮಿಗಳ ಸದ್ದಿಗೆ ಕಿವಿಯಾನಿಸಿ ಕೂರುವ ಗುಪ್ತ ವಿಭಾಗದಲ್ಲಿ ದುಡಿದವರು. ನೀರಿನಲ್ಲಿ ಸದ್ದು ಎಷ್ಟು ದೂರ ಹೋಗುತ್ತದೆ, ಎಲ್ಲಿ ಬಾಗುತ್ತದೆ, ಯಾವ ಪದರದಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನೌಕಾಪಡೆ ನೀರಿನಲ್ಲಿ ಎಬ್ಬಿಸುವ ಸದ್ದೇ ತಿಮಿಂಗಿಲಗಳನ್ನು ದಡಕ್ಕಟ್ಟಿತೇ ಎಂಬ ಈ ಅನುಮಾನ ಹೊಸದೂ ಅಲ್ಲ. 1980ರ ದಶಕದಲ್ಲಿ ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ ಕೊಕ್ಕಿನ ತಿಮಿಂಗಿಲಗಳು ಗುಂಪಾಗಿ ದಡಕ್ಕೆ ಬಂದಾಗ ಹತ್ತಿರದಲ್ಲೇ ನೌಕಾಭ್ಯಾಸ ನಡೆದಿತ್ತೆಂದು 1991ರಲ್ಲೇ ಇಬ್ಬರು ವಿಜ್ಞಾನಿಗಳು 'ನೇಚರ್' ಪತ್ರಿಕೆಗೆ ಬರೆದಿದ್ದರು. ಆಮೇಲೆ ಗ್ರೀಸ್. 1996ರ ಮೇ ತಿಂಗಳಲ್ಲಿ ಕಿಪರಿಸಿಯಾಕೋಸ್ ಕೊಲ್ಲಿಯ ಉದ್ದಕ್ಕೂ ಹನ್ನೆರಡಕ್ಕೂ ಹೆಚ್ಚು ತಿಮಿಂಗಿಲಗಳು ದಡ ಸೇರಿದವು. ಅಲೆಕ್ಸಾಂಡ್ರೋಸ್ ಫ್ರಾಂಟ್ಜಿಸ್ ಎಂಬ ಜೀವವಿಜ್ಞಾನಿ ಬಹುಕಾಲ ಕಾರಣ ಕಾಣದೆ ತಡಕಾಡಿದ. ಕೊನೆಗೆ ಕೈಗೆ ಸಿಕ್ಕಿದ್ದು ನಾವಿಕರಿಗೆಂದು ಹೊರಡಿಸಿದ್ದ ಒಂದು ಎಚ್ಚರಿಕೆಯ ಪ್ರಕಟಣೆ. ಅದೇ ದಿನಗಳಲ್ಲಿ, ಅದೇ ಕಡಲಿನಲ್ಲಿ ನೇಟೋದ ಹಡಗೊಂದು ಸದ್ದಿನ ಉಪಕರಣಗಳನ್ನು ಪರೀಕ್ಷಿಸುತ್ತಿತ್ತು! ಇದು ಬರಿಯ ಕಾಕತಾಳೀಯವಾಗಿರುವ ಸಾಧ್ಯತೆ ಶೇ 0.07ಕ್ಕಿಂತ ಕಡಿಮೆ ಎಂದು ಲೆಕ್ಕ ಹಾಕಿ ಅವನು 1998ರಲ್ಲಿ 'ನೇಚರ್'ನಲ್ಲಿ ಪ್ರಕಟಿಸಿದ. ನೇಟೋ ತಜ್ಞರ ಸಮಿತಿ ಕೂಡಿತು, ಖಚಿತವಾಗಿ ಏನೂ ಹೇಳಲಾಗದು ಎಂದು ಎದ್ದಿತು. ಸಮಿತಿಯನ್ನು ದೂರುವುದೂ ಕಷ್ಟ. ಏಕೆಂದರೆ ಗ್ರೀಸಿನಲ್ಲಿ ಸತ್ತ ತಿಮಿಂಗಿಲಗಳ ಕಿವಿಯನ್ನಾಗಲಿ ಒಳ ಅಂಗಗಳನ್ನಾಗಲಿ ಯಾರೂ ಕಾಪಿಟ್ಟಿರಲಿಲ್ಲ. ಬೇಕಾದ ಅನುಮತಿ ಇರಲಿಲ್ಲ, ಪಳಗಿದ ಕೈಗಳಿರಲಿಲ್ಲ, ಇಡಲು ಜಾಗವೂ ಇರಲಿಲ್ಲ. ಹೆಣಗಳ ಜೊತೆ ಸಾಕ್ಷಿಯೂ ಕೊಳೆತುಹೋಗಿತ್ತು.

ಬಹಾಮಾಸ್‌ನ ಬಿಸಿಲಲ್ಲಿ ಬಾಲ್ಕಂಬ್‌ಗೂ ಅದೇ ಭಯ. ಸತ್ತ ತಿಮಿಂಗಿಲದ ಕೊಬ್ಬಿನ ಹೊದಿಕೆ ಒಳಗಿನ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಗಂಟೆಗಳಲ್ಲೇ ಒಳಭಾಗ ಹಳಸತೊಡಗುತ್ತದೆ. ಅವರು ತಡಮಾಡಲಿಲ್ಲ. ತಾಜಾ ಇದ್ದ ಹೆಣಗಳ ತಲೆ ಕತ್ತರಿಸಿದರು. ಆದರೆ ಅಷ್ಟು ದೊಡ್ಡ ತಲೆಗಳನ್ನು ಎಲ್ಲಿಡುವುದು? ಪ್ರಯೋಗಾಲಯವಿಲ್ಲದ ಆ ದ್ವೀಪದಲ್ಲಿ ನೆರವಿಗೆ ಬಂದದ್ದು ಊರಿನ ಹೋಟೆಲೊಂದರ ಫ್ರೀಜರ್. ಅಡುಗೆಯ ಸಾಮಾನಿನ ಜೊತೆ ತಿಮಿಂಗಿಲದ ತಲೆ ಇಟ್ಟುಕೊಳ್ಳಲು ಒಪ್ಪಿದ ಆ ಹೋಟೆಲಿನವರಿಗೆ ಈ ಕತೆಯಲ್ಲಿ ಸಲ್ಲುವ ಪಾಲು ಸಣ್ಣದೇನಲ್ಲ.

ತಿಮಿಂಗಿಲದ ಕಿವಿಯ ವಿಷಯದಲ್ಲಿ ಜಗತ್ತಿನಲ್ಲೇ ಹೆಸರಾದ ಡಾರ್ಲೀನ್ ಕೆಟನ್ ಅಬಾಕೊಗೆ ಧಾವಿಸಿದರು. ತಲೆಗಳು ಬಾಸ್ಟನ್‌ಗೆ ಹೋದವು, ಮನುಷ್ಯರಿಗೆ ಮಾಡುವ ಸಿ.ಟಿ. ಸ್ಕ್ಯಾನ್ ಅವಕ್ಕೂ ಆಯಿತು. ಪರದೆಯ ಮೇಲೆ ರಕ್ತ ಕಾಣಿಸಿತು, ಕಿವಿಯ ಸುತ್ತ ಮತ್ತು ಮಿದುಳಿನ ಪೊರೆಗಳ ನಡುವೆ. ಹೊರಗೆ ಪೆಟ್ಟು ಬಿದ್ದ ಗುರುತಿಲ್ಲ, ಮೂಳೆ ಮುರಿದಿಲ್ಲ. ಯಾವುದೋ ಬಲವಾದ ಸದ್ದು ಅಥವಾ ಒತ್ತಡದ ಅಲೆ ಒಳಗಿನವರೆಗೆ ತಾಕಿತ್ತು.

ಅಮೆರಿಕದ ನೌಕಾಪಡೆ ಮೊದಮೊದಲು ಈ ಸಾವುಗಳಿಗೂ ತನಗೂ ನಂಟಿಲ್ಲ ಎಂಬ ಧಾಟಿಯಲ್ಲೇ ಇತ್ತು. ಬಾಲ್ಕಂಬ್ ಇಕ್ಕಟ್ಟಿಗೆ ಸಿಕ್ಕಿದರು. ಒಂದು ಕಡೆ ತಾವು ಉಪ್ಪುಂಡ ಪಡೆ, ಅಲ್ಲಿ ಗುಟ್ಟು ಕಾಯುತ್ತೇನೆಂದು ಕೊಟ್ಟ ಮಾತು. ಇನ್ನೊಂದು ಕಡೆ ತಾವೇ ಗುರುತಿಟ್ಟ ತಿಮಿಂಗಿಲಗಳ ಹೆಣ. ಕೊನೆಗೆ ಅವರು ಸ್ಕ್ಯಾನ್ ಚಿತ್ರಗಳನ್ನು ಪತ್ರಕರ್ತರ ಮುಂದಿಟ್ಟರು. ಅಲ್ಲಿಗೆ ಸುಮ್ಮನಿರುವುದು ಯಾರಿಗೂ ಸಾಧ್ಯವಾಗಲಿಲ್ಲ. 2001ರ ಡಿಸೆಂಬರ್‌ನಲ್ಲಿ ಅಮೆರಿಕದ ವಾಣಿಜ್ಯ ಇಲಾಖೆ ಮತ್ತು ನೌಕಾಪಡೆ ಒಟ್ಟಾಗಿ ವರದಿ ಹೊರಡಿಸಿದವು. ತಿಮಿಂಗಿಲಗಳು ದಡ ಹತ್ತಿದ ಆ ದಿನ ಅಬಾಕೊ ಬಳಿಯ ಇಕ್ಕಟ್ಟಾದ ಕಡಲ ಕಾಲುವೆಯಲ್ಲಿ ಯುದ್ಧನೌಕೆಗಳು ಜಲಾಂತರ್ಗಾಮಿ ಹುಡುಕುವ ಅಭ್ಯಾಸ ನಡೆಸಿದ್ದವು. ನೀರಿಗೆ ಸದ್ದು ಕಳಿಸಿ ಮರುದನಿ ಆಲಿಸುವ ಅವುಗಳ ಮಧ್ಯಮ ಕಂಪನಾಂಕದ ಸೋನಾರ್‌ಗಳೇ ಈ ಗಾಯಕ್ಕೆ ಅತ್ಯಂತ ಸಂಭವನೀಯ ಕಾರಣ ಎಂದು ವರದಿ ಒಪ್ಪಿಕೊಂಡಿತು. ಮೇಲ್ಪದರದ ನೀರಿನಲ್ಲೇ ಸಿಕ್ಕಿಕೊಂಡ ಸದ್ದು ಚದುರಿಹೋಗಿರಲಿಲ್ಲ, ಇಕ್ಕೆಲದ ಕಡಿದಾದ ಇಳಿಜಾರುಗಳ ನಡುವೆ ತಿಮಿಂಗಿಲಗಳಿಗೆ ತಪ್ಪಿಸಿಕೊಳ್ಳಲು ದಾರಿಯೂ ಹೆಚ್ಚಿರಲಿಲ್ಲ. ಒಂದು ಸೈನ್ಯ ತನ್ನ ಕೈಯ ಕೆಲಸವನ್ನು ಇಷ್ಟರ ಮಟ್ಟಿಗೆ ಕಾಗದದ ಮೇಲೆ ಒಪ್ಪಿಕೊಂಡದ್ದೇ ದೊಡ್ಡದು.

ಆದರೂ ಒಂದು ಗಂಟು ಬಿಚ್ಚಿರಲಿಲ್ಲ. ಕಿವಿಯ ಸುತ್ತಲಿನ ಗಾಯ ಒಡನೆಯೇ ಕೊಲ್ಲುವಂಥದ್ದಲ್ಲ ಎಂದು ಅದೇ ವರದಿ ಹೇಳಿತ್ತು. ಹಾಗಾದರೆ ತಿಮಿಂಗಿಲಗಳು ದಡಕ್ಕೆ ಓಡಿ ಬಂದದ್ದೇಕೆ?

2002ರ ಸೆಪ್ಟೆಂಬರ್ 24ರಂದು ಕ್ಯಾನರಿ ದ್ವೀಪಗಳ ಬಳಿ ನೇಟೋ ನೌಕಾಭ್ಯಾಸ. ಸೋನಾರ್ ಶುರುವಾಗಿ ಸುಮಾರು ನಾಲ್ಕು ಗಂಟೆಗಳಲ್ಲಿ ಫ್ಯುರ್ಟೆವೆಂಚುರಾ ಮತ್ತು ಲಾಂಜರೋಟೆ ದ್ವೀಪಗಳ ದಡಕ್ಕೆ ಕೊಕ್ಕಿನ ತಿಮಿಂಗಿಲಗಳು ಬರತೊಡಗಿದವು. ಒಟ್ಟು 14. ಸರಿಸುಮಾರು ಅದೇ ಹೊತ್ತಿಗೆ, ಅರ್ಧ ಭೂಮಿ ಆಚೆ, ಮೆಕ್ಸಿಕೊದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ರಜೆ ಕಳೆಯಲು ಹೋಗಿದ್ದ ಕೆಲವರಿಗೆ ಆಗಷ್ಟೇ ಸತ್ತ ಎರಡು ಕುವಿಯರ್ ತಿಮಿಂಗಿಲಗಳು ಕಂಡವು. ಹತ್ತಿರದಲ್ಲಿ ಸಂಶೋಧನಾ ಹಡಗೊಂದು ಸಮುದ್ರತಳವನ್ನು ಅರಿಯಲು ಗಾಳಿ ಫಿರಂಗಿ ಹಾರಿಸುತ್ತಿತ್ತು. ಹೆಣ ಕಂಡವರು ಕಡಲ ಜೀವವಿಜ್ಞಾನಿಗಳೇ ಆಗಿದ್ದರೆಂಬುದು ಅದೃಷ್ಟದ ಆಟ, ಬೇರೆ ಯಾರಾದರೂ ಆಗಿದ್ದರೆ ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಿದ್ದರು.

ಕ್ಯಾನರಿಯಲ್ಲಿ ಮಾತ್ರ ಈ ಸಲ ಚಾಕು ಹಿಡಿದು ಕಾದವರಿದ್ದರು. ಲಾಸ್ ಪಾಲ್ಮಾಸ್ ವಿಶ್ವವಿದ್ಯಾಲಯದ ಪಶುವೈದ್ಯ ಆಂಟೋನಿಯೊ ಫರ್ನಾಂಡಿಸ್ ಮತ್ತು ಅವರ ತಂಡ ಹತ್ತು ಹೆಣಗಳ ಮರಣೋತ್ತರ ಪರೀಕ್ಷೆ ನಡೆಸಿತು. ಎಲ್ಲವೂ ಮೈತುಂಬಿಕೊಂಡಿದ್ದ ಪ್ರಾಣಿಗಳು, ಕೆಲವುಗಳ ಹೊಟ್ಟೆಯಲ್ಲಿ ಆಗಷ್ಟೇ ತಿಂದ ಆಹಾರವೂ ಇತ್ತು. ಅಲ್ಲಿಯವರೆಗೆ ಎಲ್ಲರ ಕಣ್ಣೂ ಕಿವಿಯ ಮೇಲೆ ನೆಟ್ಟಿತ್ತು. ಫರ್ನಾಂಡಿಸ್ ಇಡೀ ದೇಹ ನೋಡಿದರು. ರಕ್ತನಾಳಗಳಲ್ಲಿ ಅನಿಲದ ಗುಳ್ಳೆಗಳು, ಅಂಗಾಂಗಗಳ ಸಣ್ಣ ನಾಳಗಳಲ್ಲಿ ಕೊಬ್ಬಿನ ಕಣಗಳು ಸಿಕ್ಕಿಕೊಂಡಿದ್ದವು. ಆಳದಿಂದ ಗಡಿಬಿಡಿಯಲ್ಲಿ ಮೇಲೆ ಬಂದ ಮುಳುಗುಗಾರನ ಮೈಯಲ್ಲಿ ಕಾಣುವಂಥ ಲಕ್ಷಣ!

ಇದನ್ನು ನಂಬುವವರು ಯಾರು? ಕೋಟ್ಯಂತರ ವರ್ಷಗಳಿಂದ ಮುಳುಗಿ ಏಳುತ್ತಿರುವ ತಿಮಿಂಗಿಲಕ್ಕೆ ಮುಳುಗುಗಾರರ ರೋಗ ಬರುವುದಿಲ್ಲ ಎಂಬುದು ಪಠ್ಯಪುಸ್ತಕದ ಮಾತು. ಲಂಡನ್ನಿನ ಪಾಲ್ ಜೆಪ್ಸನ್ ಮತ್ತು ಫರ್ನಾಂಡಿಸ್ 2003ರ ಅಕ್ಟೋಬರ್‌ನಲ್ಲಿ ಈ ಫಲಿತಾಂಶವನ್ನು 'ನೇಚರ್'ನಲ್ಲಿ ಪ್ರಕಟಿಸಿದಾಗ, ಮುಂದಿನ ವರ್ಷ ಅದೇ ಪತ್ರಿಕೆಯಲ್ಲಿ ಬೇರೆ ತಜ್ಞರು ಆಕ್ಷೇಪ ಎತ್ತಿದರು. ಉತ್ತರ ಬದುಕಿರುವ ತಿಮಿಂಗಿಲಗಳಿಂದಲೇ ಬರಬೇಕಿತ್ತು. ರಬ್ಬರ್ ಬಟ್ಟಲುಗಳಿಂದ ಬೆನ್ನಿಗೆ ಅಂಟುವ ಪುಟ್ಟ ಯಂತ್ರಗಳನ್ನು ಕೂರಿಸಿ, ದೂರದಿಂದ ಸೋನಾರ್ ಸದ್ದು ಕೇಳಿಸಿ, ಬಹಾಮಾಸ್ ಮತ್ತು ಕ್ಯಾಲಿಫೋರ್ನಿಯಾದ ಕಡಲುಗಳಲ್ಲಿ ಪರೀಕ್ಷೆಗಳಾದವು. 2011 ಮತ್ತು 2013ರಲ್ಲಿ ಹೊರಬಂದ ಫಲಿತಾಂಶ ಒಂದೇ ತೆರನಾಗಿತ್ತು. ಸದ್ದು ಕೇಳಿದೊಡನೆ ತಿಮಿಂಗಿಲಗಳು ಬೇಟೆ ನಿಲ್ಲಿಸಿದವು, ತಮ್ಮ ದನಿ ಅಡಗಿಸಿದವು, ಅಲ್ಲಿಂದ ದೂರ ಓಡಿದವು. ಅವನ್ನು ಕೆಣಕಲು ಕಿವಿ ಒಡೆಯುವಷ್ಟು ಜೋರಿನ ಸದ್ದೇನೂ ಬೇಕಾಗಿರಲಿಲ್ಲ.

ಗಂಟು ಬಿಡಿಸಲು ವಿಜ್ಞಾನಿಗಳು ಕೊಡುವ ವಿವರಣೆ ಹೀಗಿದೆ. ಆಳದ ಒತ್ತಡದಲ್ಲಿ ನೈಟ್ರೋಜನ್ ಅನಿಲ ರಕ್ತ ಮತ್ತು ಕೊಬ್ಬಿನಲ್ಲಿ ಕರಗುತ್ತದೆ. ಕೊಕ್ಕಿನ ತಿಮಿಂಗಿಲ ಅದನ್ನು ನಿಭಾಯಿಸುವುದು ತನ್ನ ಮುಳುಗು, ಏಳುವಿಕೆ ಮತ್ತು ವಿಶ್ರಾಂತಿಯ ಕ್ರಮದಿಂದ. ಭಯ ಹಿಡಿದ ಪ್ರಾಣಿಯಲ್ಲಿ ಆ ಕ್ರಮ ತಪ್ಪುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದಂತೆ, ಕರಗಿದ್ದ ಅನಿಲ ಗುಳ್ಳೆಯಾಗಿ ಏಳುತ್ತದೆ. ರಕ್ತನಾಳ ಕಟ್ಟಿಕೊಂಡು, ದಿಕ್ಕೆಟ್ಟು, ಅದು ದಡಕ್ಕೆ ಬಂದು ಬೀಳುತ್ತದೆ.

ಅಮೆರಿಕದಲ್ಲಿ ಈ ಜಗಳ ಸುಪ್ರೀಂ ಕೋರ್ಟ್ ತನಕ ಹೋಗಿ, 2008ರಲ್ಲಿ ತೀರ್ಪು ನೌಕಾಪಡೆಯ ಪರವಾಯಿತು. 2015ರ ಒಪ್ಪಂದದಲ್ಲಿ ಹವಾಯಿ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾದ ಕೆಲವು ಜಾಗಗಳಲ್ಲಷ್ಟೇ ಸೋನಾರ್‌ಗೆ ಮಿತಿ ಬಂತು. ಸ್ಪೇನ್ ಅಷ್ಟು ಕಾಯಲಿಲ್ಲ. 2004ರಲ್ಲೇ ಕ್ಯಾನರಿ ದ್ವೀಪಗಳ ಸುತ್ತ 50 ನಾಟಿಕಲ್ ಮೈಲಿಯೊಳಗೆ ನೌಕಾ ಸೋನಾರ್ ಬಳಸಕೂಡದೆಂದು ನಿಷೇಧಿಸಿತು. ಅಲ್ಲಿಂದೀಚೆಗೆ ಆ ದ್ವೀಪಗಳಲ್ಲಿ ಒಮ್ಮೆಯೂ ಕೊಕ್ಕಿನ ತಿಮಿಂಗಿಲಗಳು ಗುಂಪಾಗಿ ದಡಕ್ಕೆ ಬಂದಿಲ್ಲವೆಂದು ಫರ್ನಾಂಡಿಸ್ ತಂಡ 2013ರಲ್ಲಿ 'ನೇಚರ್'ಗೆ ಬರೆಯಿತು.