ಕರಗಿದ ಉಪ್ಪಿನಲ್ಲಿ ಲೋಹದ ವಿದ್ಯುದ್ವಾರ

ಅಡುಗೆ ಉಪ್ಪಿನ ಹರಳಿಗೆ ಎರಡು ತಂತಿ ತಾಗಿಸಿ ಬ್ಯಾಟರಿ ಜೋಡಿಸಿದರೆ ವಿದ್ಯುತ್ ಹರಿಯುವುದಿಲ್ಲ. ಹರಳಿನ ತುಂಬ ಸೋಡಿಯಂ, ಕ್ಲೋರೈಡ್ ಅಯಾನುಗಳೇ ಇದ್ದರೂ ಅವು ಕೂತ ಜಾಗ ಬಿಟ್ಟು ಕದಲಲಾರವು. 801 ಡಿಗ್ರಿ ಸೆಲ್ಸಿಯಸ್ ಕಾವಿಗೆ ಉಪ್ಪು ಕರಗಿತೆಂದರೆ ಆ ಕಟ್ಟು ಬಿಚ್ಚುತ್ತದೆ. ನೋಡಲು ನೀರಿನಂತೆಯೇ ತಿಳಿಯಾಗಿರುವ ಈ ದ್ರವ, ಸಮುದ್ರದ ನೀರಿಗಿಂತ ಐವತ್ತು ಪಟ್ಟಿಗೂ ಮಿಕ್ಕಿ ಚೆನ್ನಾಗಿ ವಿದ್ಯುತ್ ಒಯ್ಯುತ್ತದೆ.

ಇದರ ದೊಡ್ಡ ಅನುಕೂಲವೆಂದರೆ ಇದರಲ್ಲಿ ನೀರು ಇಲ್ಲದಿರುವುದು. ನೀರಿನ ದ್ರಾವಣದಲ್ಲಿ ಸೋಡಿಯಂ ಅಥವಾ ಅಲ್ಯೂಮಿನಿಯಂ ಪಡೆಯಹೊರಟರೆ ಋಣಾಗ್ರದಲ್ಲಿ ಲೋಹ ಕೂರುವ ಮೊದಲೇ ಹೈಡ್ರೋಜನ್ ಅನಿಲ ಹೊರಬಂದುಬಿಡುತ್ತದೆ. ಹಂಫ್ರಿ ಡೇವಿಗೆ 1807ರಲ್ಲಿ ಪೊಟ್ಯಾಸಿಯಂ, ಸೋಡಿಯಂ ದಕ್ಕಿದ್ದು ದ್ರಾವಣಗಳನ್ನು ಬಿಟ್ಟು ಪೊಟ್ಯಾಶ್ ಮತ್ತು ಕಾಸ್ಟಿಕ್ ಸೋಡಾಗಳನ್ನೇ ಕರಗಿಸಿ ವಿದ್ಯುತ್ ಹಾಯಿಸಿದಾಗ.

ಲೋಹ ಮತ್ತು ಲವಣ ಸಂಧಿಸುವ ಗಡಿಯಲ್ಲಿ ನಡೆಯುವುದೂ ನೀರಿನಲ್ಲಿ ನಡೆಯುವುದಕ್ಕಿಂತ ಬೇರೆ. ತೆಳು ದ್ರಾವಣದಲ್ಲಿ ಲೋಹದ ಆವೇಶವನ್ನು ಸರಿದೂಗಿಸುವ ಅಯಾನುಗಳು ಸ್ವಲ್ಪ ದೂರದವರೆಗೆ ಚದುರಿಕೊಂಡಿರುತ್ತವೆ. ಕರಗಿದ ಲವಣದಲ್ಲಿ ಅಯಾನಿನ ಪಕ್ಕ ಅಯಾನೇ ಇರುವುದರಿಂದ ಆ ಪದರ ಕೆಲವೇ ಅಯಾನುಗಳಷ್ಟು ದಪ್ಪ. ಕಾವು ಹೆಚ್ಚಿರುವುದರಿಂದ ಲೋಹದಿಂದ ಅಯಾನಿಗೆ ಎಲೆಕ್ಟ್ರಾನ್ ದಾಟುವುದೂ ಸಾಮಾನ್ಯವಾಗಿ ಬಲು ಚುರುಕು. ಹಾಗಾಗಿ ವೋಲ್ಟೇಜ್ ಪೋಲಾಗುವುದು ಹೆಚ್ಚಾಗಿ ಬೇರೆ ಕಡೆ: ದ್ರವದ ರೋಧದಲ್ಲಿ, ಮತ್ತು ಬೇಕಾದ ಅಯಾನು ಸಕಾಲಕ್ಕೆ ಗಡಿ ತಲುಪದಿದ್ದಾಗ.

ವಿಭವ ಅಳೆಯುವುದಕ್ಕೂ ಒಂದು ಆಸರೆ ಬೇಕು. ಲೀಥಿಯಂ ಕ್ಲೋರೈಡ್ 605 ಡಿಗ್ರಿಯಲ್ಲಿ, ಪೊಟ್ಯಾಸಿಯಂ ಕ್ಲೋರೈಡ್ 770ರಲ್ಲಿ ಕರಗುತ್ತವೆ. ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ಮಿಶ್ರಣ 350ರ ಸುಮಾರಿಗೇ ದ್ರವವಾಗುತ್ತದೆ. ಪ್ರಯೋಗಾಲಯಗಳ ನೆಚ್ಚಿನ ದ್ರವವಿದು. ತೆಳು ಗೋಡೆಯ ನಳಿಕೆಯಲ್ಲಿ ಇದೇ ಲವಣ ತುಂಬಿ, ಚೂರು ಸಿಲ್ವರ್ ಕ್ಲೋರೈಡ್ ಬೆರೆಸಿ, ಬೆಳ್ಳಿಯ ತಂತಿ ಇಳಿಬಿಟ್ಟರೆ ಅದೇ ಆಧಾರ ವಿದ್ಯುದ್ವಾರ. ಒಂಟಿ ಆವೇಶದ ಅಯಾನಿನ ಸಾಂದ್ರತೆ ಹತ್ತು ಪಟ್ಟು ಬದಲಾದರೆ ವಿಭವ 25 ಡಿಗ್ರಿಯಲ್ಲಿ 59 ಮಿಲಿವೋಲ್ಟ್ ಸರಿಯುತ್ತದೆ. 450 ಡಿಗ್ರಿಯಲ್ಲಿ ಸುಮಾರು 143.

ಋಣಾಗ್ರದಲ್ಲಿ ಲೋಹ ಘನವಾಗಿ ಕೂರುವುದಾದರೆ ಹೆಚ್ಚಾಗಿ ನುಣ್ಣಗೆ ಕೂರುವುದಿಲ್ಲ. ಮೊದಲು ಮುಂಚಾಚಿದ ತುದಿಗೇ ಅಯಾನುಗಳು ಬೇಗ ಸಿಗುವುದರಿಂದ ಕವಲೊಡೆದ ಹರಳುಗಳು ಬೆಳೆಯುತ್ತವೆ. ದ್ರವ ಲೋಹಕ್ಕೆ ಈ ತೊಂದರೆಯಿಲ್ಲ, ಆದರೆ ಇನ್ನೊಂದು ಕಾಟವಿದೆ. ಸೋಡಿಯಂನಂಥ ಲೋಹ ತನ್ನದೇ ಕರಗಿದ ಲವಣದಲ್ಲಿ ಅಷ್ಟಿಷ್ಟು ಬೆರೆತುಹೋಗುತ್ತದೆ. ಬಿಡಿ ಎಲೆಕ್ಟ್ರಾನುಗಳು ದ್ರವದೊಳಗೇ ಅಡ್ಡದಾರಿ ಹಿಡಿಯುತ್ತವೆ. ಮೀಟರಿನಲ್ಲಿ ವಿದ್ಯುತ್ ಹರಿದ ಲೆಕ್ಕ ಸಿಗುತ್ತದೆ, ಲೋಹ ಮಾತ್ರ ಅಷ್ಟು ಸಿಗುವುದಿಲ್ಲ. ಸೋಡಿಯಂ ತಯಾರಿಸುವ ಡೌನ್ಸ್ ಕೋಶದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ ಕಾವನ್ನು 600 ಡಿಗ್ರಿಯ ಆಸುಪಾಸಿಗೆ ಇಳಿಸುವುದಕ್ಕೆ ಇದೂ ಒಂದು ಕಾರಣ.

ಇವೆಲ್ಲ ಒಟ್ಟಿಗೆ ಕಾಣಸಿಗುವುದು ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್, ಫ್ರಾನ್ಸಿನ ಪಾಲ್ ಎರೂ ಬೇರೆಬೇರೆಯಾಗಿ ಕಂಡುಕೊಂಡ ವಿಧಾನವೇ ಇಂದಿಗೂ ನಡೆದಿದೆ. ಕ್ರಯೋಲೈಟ್ ಎಂಬ ಫ್ಲೋರೈಡ್ ಲವಣದ 960 ಡಿಗ್ರಿಯ ದ್ರವದಲ್ಲಿ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಕರಗಿಸುತ್ತಾರೆ. ಮೇಲಿನಿಂದ ಇಂಗಾಲದ ಧನಾಗ್ರಗಳು ಮುಳುಗಿರುತ್ತವೆ. ತಳದಲ್ಲಿ ಶೇಖರವಾದ ದ್ರವ ಅಲ್ಯೂಮಿನಿಯಮ್ಮೇ ಋಣಾಗ್ರ. ನಡುವಿನ ಅಂತರ ನಾಲ್ಕೈದು ಸೆಂಟಿಮೀಟರ್. 3 ಲಕ್ಷ ಆಂಪಿಯರ್ ಹರಿಯುವ ಕೋಶ ದಿನಕ್ಕೆ ಎರಡು ಟನ್ನಿಗೂ ಹೆಚ್ಚು ಲೋಹ ಕೊಡುತ್ತದೆ.

ಕೋಶದ ಮೇಲೆ ಬೀಳುವುದು ಸುಮಾರು 4.2 ವೋಲ್ಟ್. ಅಲ್ಯೂಮಿನಾ ಒಡೆಯಲು ಬೇಕಾದ ಕನಿಷ್ಠ ವೋಲ್ಟೇಜ್ ಅದರಲ್ಲಿ 1.2 ಮಾತ್ರ. ಧನಾಗ್ರದ ಮೇಲ್ಮೈಯಲ್ಲಿ ನಡೆಯುವ ಕ್ರಿಯೆ ಅರ್ಧ ವೋಲ್ಟಿನಷ್ಟು ಹೆಚ್ಚುವರಿ ಕೇಳುತ್ತದೆ. ಉಳಿದದ್ದರಲ್ಲಿ ಬಹುಪಾಲು ದ್ರವದ ಮತ್ತು ಇಂಗಾಲದ ರೋಧಕ್ಕೆ ಹೋಗಿ ಶಾಖವಾಗುತ್ತದೆ. ಅದನ್ನು ಪೂರ್ತಿ ನಷ್ಟವೆನ್ನಲಾಗದು, ಕೋಶವನ್ನು ಬಿಸಿಯಾಗಿಡುವುದು ಅದೇ. ಆದರೂ ಒಂದು ಕಿಲೋ ಲೋಹಕ್ಕೆ 13ರಿಂದ 15 ಯೂನಿಟ್ ವಿದ್ಯುತ್ ಖರ್ಚು. ಕರಗಿಸುವ ಘಟಕಗಳು ಅಗ್ಗದ ವಿದ್ಯುತ್ ಇರುವಲ್ಲಿಗೇ ಹೋಗಿ ನೆಲೆಸುವುದು ಇದಕ್ಕೇ.

ಅಲ್ಯೂಮಿನಾ ಪ್ರಮಾಣ ಶೇಕಡಾ 2ರ ಕೆಳಗಿಳಿದರೆ ಧನಾಗ್ರದ ನಡವಳಿಕೆ ಒಮ್ಮೆಲೇ ಬದಲಾಗುತ್ತದೆ. ದ್ರವವು ಇಂಗಾಲಕ್ಕೆ ಅಂಟುವುದನ್ನು ಬಿಡುತ್ತದೆ, ಅನಿಲದ ಪೊರೆ ಅದನ್ನು ಮುಚ್ಚಿಕೊಳ್ಳುತ್ತದೆ, ಪೊರೆಯಲ್ಲಿ ಕಿಡಿಗಳು ಹಾರುತ್ತವೆ, 4 ವೋಲ್ಟ್ ತೋರಿಸುತ್ತಿದ್ದ ಮುಳ್ಳು 20, 30ಕ್ಕೆ ಜಿಗಿಯುತ್ತದೆ. ಇದೇ ಧನಾಗ್ರ ಪರಿಣಾಮ. ಆಗ ಹೊರಬರುವ ಕಾರ್ಬನ್ ಟೆಟ್ರಾಫ್ಲೋರೈಡ್, ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಾರು ಪಟ್ಟು ಬಲಶಾಲಿ. ಹಿಂದೆ ಕೆಲಸಗಾರರು ಹಸಿ ಮರದ ಗಳುವನ್ನು ಧನಾಗ್ರದಡಿಗೆ ತೂರಿಸುತ್ತಿದ್ದರು. ಮರದ ತೇವ ಆವಿಯಾಗಿ ಉಕ್ಕಿ ಪೊರೆ ಹರಿಯುತ್ತಿತ್ತು. ಈಗ ಕಂಪ್ಯೂಟರ್ ಕೋಶದ ರೋಧವನ್ನು ಗಮನಿಸುತ್ತ ಸ್ವಲ್ಪಸ್ವಲ್ಪವೇ ಅಲ್ಯೂಮಿನಾ ಸುರಿಸುತ್ತದೆ.

ಇಂಗಾಲದ ಧನಾಗ್ರ ಉರಿದು ಸವೆಯುತ್ತದೆ; ಒಂದು ಟನ್ ಲೋಹಕ್ಕೆ 400 ಕಿಲೋಗೂ ಹೆಚ್ಚು. ಅದರ ಬದಲು ಸವೆಯದ ಲೋಹವನ್ನು ಬಳಸಿದರೆ ಇಂಗಾಲದ ಡೈಆಕ್ಸೈಡಿನ ಬದಲಿಗೆ ಆಮ್ಲಜನಕವೇ ಹೊರಬರುತ್ತದೆ. ಕೆನಡಾದಲ್ಲಿ 2018ರಲ್ಲಿ ಶುರುವಾದ ಎಲಿಸಿಸ್ ಸಂಸ್ಥೆ ಬೆನ್ನುಹತ್ತಿರುವುದು ಇಂಥ ಧನಾಗ್ರವನ್ನೇ. ತೊಡಕು ಎರಡು. ಇಂಗಾಲದ ನೆರವಿಲ್ಲದಿದ್ದರೆ 1.2ರ ಜಾಗದಲ್ಲಿ 2.2 ವೋಲ್ಟ್ ಬೇಕು. ಅದಕ್ಕಿಂತ ಕಠಿಣವಾದದ್ದು ಎರಡನೆಯದು: ಬಿಸಿ ಆಮ್ಲಜನಕದೆದುರು ಲೋಹ ಉಳಿಯುವುದು ಮೈಮೇಲಿನ ಆಕ್ಸೈಡ್ ಪದರದ ರಕ್ಷಣೆಯಿಂದ, ಆದರೆ ಕ್ರಯೋಲೈಟನ್ನು ಆರಿಸಿಕೊಂಡಿದ್ದೇ ಆಕ್ಸೈಡನ್ನು ಕರಗಿಸಲೆಂದು. ನಿಕಲ್, ಕಬ್ಬಿಣ, ತಾಮ್ರಗಳ ಮಿಶ್ರಲೋಹಗಳ ಮೇಲೆ ನಡೆದಿರುವ ಪರೀಕ್ಷೆಗಳೆಲ್ಲ ವಿದ್ಯುತ್ ಹರಿಯಬಿಟ್ಟೂ ನಿಧಾನವಾಗಿ ಮಾತ್ರ ಕರಗುವ ಪದರವೊಂದರ ಹುಡುಕಾಟ.