ಮೊಮ್ಮಕ್ಕಳ ವೇಗಕ್ಕೆ ಅಜ್ಜನ ಕಾಲು

ಮೂರು ವರ್ಷದ ಮಗುವನ್ನು ನಡೆಸಿಕೊಂಡು ಹೋಗಲು ಮನೆಯಲ್ಲಿ ಎಲ್ಲರಿಗಿಂತ ತಕ್ಕವರು ಅಜ್ಜ, ಆಯಿ. ಅವರಿಗೆ ಬಿಡುವಿದೆಯಲ್ಲ ಎನ್ನುವುದು ವಾಡಿಕೆಯ ಮಾತು. ಅದಕ್ಕಿಂತ ಗಟ್ಟಿಯಾದ ಕಾರಣ ಕಾಲಿನ ಉದ್ದದಲ್ಲಿದೆ. ನಡೆಯುವಾಗ ನೆಲಕ್ಕೂರಿದ ಕಾಲಿನ ಮೇಲೆ ದೇಹ ತಲೆಕೆಳಗಾದ ಲೋಲಕದಂತೆ ತೂಗಿ ಮುಂದಕ್ಕೆ ಸಾಗುತ್ತದೆ. ಹಾಗಾಗಿ ಹಿತವಾದ ನಡಿಗೆಯ ವೇಗ ಸುಮಾರಾಗಿ ಕಾಲಿನ ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆ. ಮಗುವಿನ ಕಾಲು ಅಪ್ಪನ ಕಾಲಿನ ಅರ್ಧದಷ್ಟಿದ್ದರೆ, ಅಪ್ಪ ಗಂಟೆಗೆ 5 ಕಿ.ಮೀ. ನಡೆಯುವಾಗ ಮಗುವಿಗೆ ಒಗ್ಗುವುದು 3.5 ಕಿ.ಮೀ. ಆಸುಪಾಸು. ನಡಿಗೆ ಪೂರ್ತಿ ಪಳಗಲು ಏಳನೆಯ ವರ್ಷದವರೆಗೂ ಸಮಯ ಬೇಕಾದ್ದರಿಂದ, ನಿಜಕ್ಕೂ ಅದು ಇನ್ನೂ ನಿಧಾನ. ಅಪ್ಪನ ಕೈ ಹಿಡಿದ ಕೂಸು ದಾರಿಯುದ್ದಕ್ಕೂ ಓಡುವುದು, ಆಮೇಲೆ ‘ಎತ್ತಿಕೋ’ ಎಂದು ಅಳುವುದು ಹಟದಿಂದಲ್ಲ, ದಣಿವಿನಿಂದ. ಎಪ್ಪತ್ತು ದಾಟಿದ, ಮೊಣಕಾಲು ಹಿಡಿದುಕೊಂಡ ಅಜ್ಜನ ವೇಗವಾದರೋ ಹೆಚ್ಚುಕಡಿಮೆ ಮೊಮ್ಮಗನ ವೇಗಕ್ಕೇ ಇಳಿದಿರುತ್ತದೆ.

ವೇಗ ಕೂಡಿಬಂದರೂ ದೂರದ ಲೆಕ್ಕ ಹಿಡಿದರೆ ಕೆಲಸ ಕೆಡುತ್ತದೆ. ಅಮೆರಿಕದ ಮನೋವಿಜ್ಞಾನಿ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 12ರಿಂದ 19 ತಿಂಗಳ ಮಕ್ಕಳು ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟರು, 17 ಸಲ ಬಿದ್ದರು. ಈ ಹೆಜ್ಜೆಗಳು ಒಂದೇ ನೇರಕ್ಕೆ ಹೋದವಲ್ಲ. ನಾಲ್ಕು ಹೆಜ್ಜೆ, ನಿಲುಗಡೆ, ಮತ್ತೆ ಬೇರೆ ದಿಕ್ಕು. ಎಲ್ಲಿಗೂ ಹೋಗದ ಈ ಓಡಾಟದಲ್ಲೇ ಮಗು ಸಮತೋಲ ಕಲಿಯುತ್ತದೆ. ನೆಲ ಬದಲಾದಷ್ಟೂ ಕಲಿಕೆ ಹೆಚ್ಚು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಇಂಥ ಬಗೆಬಗೆಯ ನೆಲಕ್ಕೆ ಬರವಿಲ್ಲ. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ, ದುಡಿಮೆ ಹಾಕಿ 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ಊರಿದು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಕಾಲಿಗಂಟುವ ಎರೆಮಣ್ಣು, ಕಬ್ಬಿನ ಹೊಲದ ಬದು, ಕಾಲುದಾರಿಯ ಗರಸು – ಪಾದಕ್ಕೆ ಇವು ಒಂದೊಂದೂ ಬೇರೆ ಪಾಠ.

‘ಹಳ್ಳಿ ಮಕ್ಕಳಿಗೆ ನಡಿಗೆ ಕಲಿಸಬೇಕೇ, ಅವು ಹೊರಗೇ ಬೆಳೆಯುತ್ತವಲ್ಲ’ ಎನ್ನಬಹುದು. ಈ ಮಾತು ಬೈಕು, ಶಾಲಾ ವ್ಯಾನು, ಮೊಬೈಲು ಮನೆಗೆ ಬರುವ ಮುಂಚಿನದು. ಒಂದರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಮೈ ಚಲನೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಪೇಟೆಯ ಮಕ್ಕಳಿಗಷ್ಟೇ ಅಲ್ಲ. ಬಯಲು ಬೇಕಾದದ್ದು ಕಾಲಿಗಷ್ಟೇ ಎಂದೂ ತಿಳಿಯಬಾರದು. ಚೀನಾದ ಗುವಾಂಗ್‌ಝೌದಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ಮೂರು ವರ್ಷ ಗಮನಿಸಿದರು. ಅವರಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ಶೇ. 30.4 ಮಂದಿಗೆ, ಎಂದಿನಂತೆ ಇದ್ದ ಶಾಲೆಗಳಲ್ಲಿ ಶೇ. 39.5 ಮಂದಿಗೆ. ಪ್ರಖರ ಬೆಳಕಿಗೆ ಅಕ್ಷಿಪಟಲದಲ್ಲಿ ಡೋಪಮಿನ್ ಸ್ರವಿಸಿ, ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗುವುದನ್ನು ತಡೆಯುತ್ತದೆ ಎಂಬುದು ಹೆಚ್ಚಿನ ತಜ್ಞರು ಒಪ್ಪುವ ವಿವರಣೆ.

ಹಾಗೆಂದು ಈ ಸೀಮೆಯ ಏಪ್ರಿಲ್ ಬಿಸಿಲಿಗೆ ಕೂಸನ್ನು ಒಡ್ಡಬೇಕೇ? ಖಂಡಿತ ಬೇಡ. ಮಕ್ಕಳ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡದು, ಬೆವರು ಕಡಿಮೆ, ಕಾದ ನೆಲಕ್ಕೆ ಮೈ ಹತ್ತಿರ. ಬಿಸಿ ಬೇಗ ಏರುತ್ತದೆ. ಆದರೆ ಬೇವಿನ ನೆರಳಿನಲ್ಲೂ ಹಗಲ ಬೆಳಕು ಮನೆಯೊಳಗಿನದಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ, ಕಣ್ಣಿಗೆ ಅಷ್ಟು ಸಾಕು. ಬೇಸಿಗೆಯಲ್ಲಿ ಮುಂಜಾನೆ, ಸಂಜೆ ಹೊರಟರಾಯಿತು. ಚಪ್ಪಲಿ ಬೇಕೋ ಬರಿಗಾಲೋ ಎಂಬಲ್ಲಿ ಮಾತ್ರ ಎರಡೂ ಕಡೆಯ ತಕರಾರಿಗೆ ತೂಕವಿದೆ. ಕಸ್ತೂರಬಾ ಮೆಡಿಕಲ್ ಕಾಲೇಜಿನ ಮೂಳೆ ವೈದ್ಯರು 2,300 ಮಕ್ಕಳ ಹೆಜ್ಜೆಗುರುತು ಪರೀಕ್ಷಿಸಿ 1992ರಲ್ಲಿ ಬರೆದ ಪ್ರಕಾರ, ಪಾದರಕ್ಷೆ ಮೆಟ್ಟುವವರಲ್ಲಿ ಚಪ್ಪಟೆ ಪಾದ ಶೇ. 8.6, ಬರಿಗಾಲಿನವರಲ್ಲಿ ಶೇ. 2.8, ಮುಚ್ಚಿದ ಬೂಟಿನವರಲ್ಲಿ ಎಲ್ಲರಿಗಿಂತ ಹೆಚ್ಚು. ಆದರೆ ಕೊಕ್ಕೆಹುಳದ ಮರಿಗಳು ಮಲ ಬೆರೆತ ಮಣ್ಣಿನಿಂದ ಅಂಗಾಲಿನ ಮೂಲಕವೇ ದೇಹ ಸೇರುತ್ತವೆ, ಜಾಲಿಮುಳ್ಳೂ ಇದೆ. ಬರಿಗಾಲು ಅಂಗಳದಲ್ಲಿ, ಗುಡಿಸಿದ ಕಟ್ಟೆಯ ಸುತ್ತ ಇರಲಿ. ಬದುವಿನಲ್ಲಿ ಬೆರಳು ಬಿಚ್ಚಿರುವ ಮೆತ್ತನೆಯ ಚಪ್ಪಲಿ ಸಾಕು. ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಓಡುವ ರಸ್ತೆ, ಎಂದಿಗೂ ಹೊಳೆಯ ಅಂಚು – ಇವೆರಡರ ಹತ್ತಿರ ಕೈ ಬಿಡುವಂತಿಲ್ಲ. ಇನ್ನು ಅಜ್ಜನ ಮೊಣಕಾಲಿನ ಮಾತು. ಸವೆದ ಕೀಲಿಗೆ ಅಳತೆಯ ನಡಿಗೆ ಒಳ್ಳೆಯದೆಂದು ವೈದ್ಯರೇ ಹೇಳುತ್ತಾರೆ. ಇರುವೆ ಕಂಡಲ್ಲೆಲ್ಲ ನಿಲ್ಲುವ ಸಂಗಾತಿಯಿದ್ದರೆ ನಡುನಡುವೆ ವಿಶ್ರಾಂತಿಯೂ ಸಿಗುತ್ತದೆ. ಆದರೂ ಆಸರೆ ಬೇಕೆನಿಸಿದರೆ ಒಂದು ಕೋಲು ಹಿಡಿಯಲಿ. ಹಾವು ಹರಿದಾಡುವ ಬದುವಿನಲ್ಲಿ ಅದು ಹೇಗೂ ಬೇಕು.