ಕಬಡ್ಡಿಗೂ ಬಂತು ಕೋಟಿಯ ಬೆಲೆ

ಊರ ಜಾತ್ರೆಯಲ್ಲಿ ಕಬಡ್ಡಿ ಗೆದ್ದ ತಂಡಕ್ಕೆ ಒಂದು ಶೀಲ್ಡು, ಒಂದಿಷ್ಟು ನಗದು ಬಹುಮಾನ. ಅದೃಷ್ಟವಿದ್ದವರಿಗೆ ಕ್ರೀಡಾ ಕೋಟಾದಲ್ಲಿ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಒಂದು ನೌಕರಿ. ಕಬಡ್ಡಿ ಆಟಗಾರನ ಕನಸು ಬಹುಕಾಲ ಇದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ.

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. ಅದರ ಮೊದಲ ಹರಾಜಿನಲ್ಲಿ ರಾಕೇಶ್ ಕುಮಾರ್ ಅವರಿಗೆ ಪಾಟ್ನಾ ತಂಡ 12.80 ಲಕ್ಷ ರೂಪಾಯಿ ಕೊಟ್ಟಿತು. ಅಂದಿಗೆ ಅದೇ ಅತ್ಯಧಿಕ ಬೆಲೆ. 2023ರಲ್ಲಿ ಪವನ್ ಸೆಹ್ರಾವತ್ ಅವರಿಗೆ ತೆಲುಗು ಟೈಟನ್ಸ್ ಕೊಟ್ಟದ್ದು 2 ಕೋಟಿ 60 ಲಕ್ಷ 50 ಸಾವಿರ. ಒಂಬತ್ತೇ ವರ್ಷದಲ್ಲಿ ಇಪ್ಪತ್ತು ಪಟ್ಟು!

ಈ ಹಣ ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಟಿ.ವಿ.ಯಿಂದ ಮತ್ತು ಜಾಹೀರಾತಿನಿಂದ. ನಲವತ್ತು ನಿಮಿಷದ ಆಟ, ಮೂವತ್ತು ಸೆಕೆಂಡಿನ ರೈಡ್. ನೋಡುವವರು ಕಣ್ಣು ಮಿಟುಕಿಸುವಂತಿಲ್ಲ. ನೋಡುವವರು ಹೆಚ್ಚಿದಂತೆ ಜಾಹೀರಾತುದಾರರೂ ಹೆಚ್ಚುತ್ತಾರೆ.

ಆದರೆ ಪಾಲಕರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಲೀಗ್‌ನಲ್ಲಿರುವುದು 12 ತಂಡ. ತಂಡಕ್ಕೆ ಹೆಚ್ಚೆಂದರೆ 25 ಮಂದಿ. ಇಡೀ ದೇಶದಿಂದ, ವಿದೇಶಿಯರೂ ಸೇರಿ, 300 ಜನರಿಗಷ್ಟೇ ಜಾಗ. ಅವರಲ್ಲಿ ಕೋಟಿ ಕಾಣುವವರು ಬೆರಳೆಣಿಕೆಯಷ್ಟು.

ಆ ಜಾಗ ಸಿಕ್ಕರೂ ದೇಹ ಸಹಕರಿಸಬೇಕು. 2019ರ ಜನವರಿಯಲ್ಲಿ ನಡೆದ ಫೈನಲ್‌ನಲ್ಲಿ ಇದೇ ಪವನ್ 22 ಅಂಕ ಗಳಿಸಿ ಬೆಂಗಳೂರು ಬುಲ್ಸ್ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟಿದ್ದರು. 2022ರಲ್ಲಿ ತಮಿಳು ತಲೈವಾಸ್ ಅವರನ್ನು 2.26 ಕೋಟಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟಾಯಿತು. ಉಳಿದ ಪಂದ್ಯಗಳನ್ನೆಲ್ಲ ಅವರು ಹೊರಗೆ ಕುಳಿತು ನೋಡಬೇಕಾಯಿತು. ಅವರೇನೋ ಮರುವರ್ಷ ಮರಳಿ ಬಂದರು. ಎಲ್ಲರ ಮಂಡಿಯೂ ಹಾಗೆ ಮರಳಿ ಕೂಡುವುದಿಲ್ಲ.

ಹಾಗೆಂದು ಮಕ್ಕಳನ್ನು ಅಂಕಣದಿಂದ ಎಳೆದು ತರಬೇಕಾಗಿಲ್ಲ. ಆಟದ ಸುತ್ತ ಬೇರೆ ಉದ್ಯೋಗಗಳೂ ಇವೆ. ತಂಡಕ್ಕೆ ತರಬೇತುದಾರ ಬೇಕು, ಫಿಸಿಯೋಥೆರಪಿಸ್ಟ್ ಬೇಕು, ಪಂದ್ಯಗಳ ವಿಡಿಯೋ ನೋಡಿ ಎದುರಾಳಿಯ ನಡೆಯನ್ನು ಲೆಕ್ಕ ಹಾಕುವವರೂ ಬೇಕು. ಫಿಸಿಯೋಥೆರಪಿ ಓದಲು ಪಿಯುಸಿಯಲ್ಲಿ ವಿಜ್ಞಾನ ಇರಬೇಕು. ಶಾಲೆಯ ದೈಹಿಕ ಶಿಕ್ಷಕರಾಗಲು ಬಿ.ಪಿ.ಎಡ್. ಇದೆ. 1961ರಲ್ಲಿ ಪಟಿಯಾಲಾದಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತರಬೇತುದಾರರನ್ನು ತಯಾರು ಮಾಡುತ್ತದೆ.

ಓದಿದವರು ಆಡಲಾರರು ಎಂಬ ಮಾತಿಗೂ ಅರ್ಥವಿಲ್ಲ. ಕ್ರಿಕೆಟ್‌ನ ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್ ಇಬ್ಬರೂ ಎಂಜಿನಿಯರಿಂಗ್ ಪದವೀಧರರು. ಆಟ ನಿಲ್ಲಿಸಿದ ಮೇಲೆ ಶ್ರೀನಾಥ್ 2006ರಿಂದ ಮ್ಯಾಚ್ ರೆಫರಿಯಾಗಿ ಅದೇ ಕ್ಷೇತ್ರದಲ್ಲಿ ದುಡಿದರು.

ಆಟಗಾರನ ಗಳಿಕೆಯ ಕಾಲ ಹತ್ತು ಹದಿನೈದು ವರ್ಷ. ಬದುಕು ಅದಕ್ಕಿಂತ ಬಹಳ ದೊಡ್ಡದು. ಸಂಜೆ ಅಂಕಣಕ್ಕೆ ಓಡುವ ಹುಡುಗನನ್ನು ತಡೆಯಬೇಡಿ. ಬೆಳಿಗ್ಗೆ ಪುಸ್ತಕ ಬಿಡಲೂ ಬಿಡಬೇಡಿ.